ಜ್ವರಕ್ಕೆ ಕೂತ ಹುಳು

ನದಿಯ ದಂಡೆಯಲ್ಲಿ ಒಂದು ಆಶ್ರಮ. ಏಳು ಜನ ಹೆಂಗಸರು, ಒಂದು ಪ್ರಾರ್ಥನೆಯ ಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಬದಿಗೆ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಅಷ್ಟೇ.

ಅಲ್ಲಿಯ ಗುರು ಒಬ್ಬ ಮುದುಕಿ. ಮದಲೇನಮ್ಮ ಎಂದು ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಗುರಮ್ಮ.

ದಿನಕ್ಕೊಂದು ಹೊತ್ತು, ನಡುಮಧ್ಯಾಹ್ನ, ಗುರಮ್ಮ ಶಿಲುಬೆಯ ಮುಂದೆ ಕೂರುತ್ತಿದ್ದರು. ಕೈಯಲ್ಲಿ ಜಪಮಾಲೆ ಇಲ್ಲ, ತುಟಿಯಲ್ಲಿ ಮಾತಿಲ್ಲ. ಉಳಿದ ಹೊತ್ತೆಲ್ಲ ಅವರ ಹಿಂದೆ ಓಡುವಷ್ಟರಲ್ಲಿ ಶಿಷ್ಯೆಯರಿಗೆ ಏದುಸಿರು ಬರುತ್ತಿತ್ತು.

ಅಲ್ಲಿಗೆ ಹೊಸದಾಗಿ ಬಂದವಳು ಆರೋಗ್ಯಮ್ಮ. ಹಾಸನದ ಕಡೆಯವಳು, ಮೂವತ್ತೆರಡು ವರ್ಷದ ವಿಧವೆ.

ಅಬ್ಬಾ, ಅವಳು ಕೆಲಸ ಮಾಡುತ್ತಿದ್ದ ಪರಿಯೇ! ಉಳಿದವರು ಕಣ್ಣುಜ್ಜಿಕೊಂಡು ಹೊರಗೆ ಬರುವಾಗ ಅಂಗಳ ಗುಡಿಸಿ ಆಗಿರುತ್ತಿತ್ತು, ಕೊಳಗ ತುಂಬಿರುತ್ತಿತ್ತು, ಹಸುವಿನ ಮೈ ತೊಳೆದಾಗಿರುತ್ತಿತ್ತು. ಕೆಲಸ ಮುಗಿದರೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಿದ್ದಳು.

ಊಟದ ಹೊತ್ತಿಗೆ ಎಲ್ಲರೂ ಸಾಲಾಗಿ ಕೂರುತ್ತಿದ್ದರು. "ಬಡಿಸೋ ಸ್ವಾಮಿಗೆ ಸ್ತೋತ್ರ" ಎಂದು ಗುರಮ್ಮ ಹೇಳಿದ ಮೇಲೆ ತುತ್ತು ಎತ್ತುವುದು ಅಲ್ಲಿಯ ಪದ್ಧತಿ. ಆರೋಗ್ಯಮ್ಮ ಸೌಟು ಹಿಡಿದು ಎಲ್ಲರಿಗೂ ಬಡಿಸುತ್ತಿದ್ದಳು. ತಾನು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ನಿಂತು ನಾಲ್ಕು ತುತ್ತು ನುಂಗಿ ಕೈ ತೊಳೆದುಬಿಡುತ್ತಿದ್ದಳು.

ಅವಳು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಪಿಲೋಮಿ ಎಂಬ ಇನ್ನೊಬ್ಬ ಶಿಷ್ಯೆ ಇದ್ದಳು. ಅವಳು ನಿಂತದ್ದನ್ನು ಕಂಡವರೇ ಕಡಿಮೆ. ಹೊಳೆಯ ಬಂಡೆಯ ಮೇಲೆ ಮೈಚಾಚಿ, ಯಾರಾದರೂ ಕರೆದರೆ "ನಾನು ದೇವರಲ್ಲಿ ವಿಶ್ರಾಂತಿ ತಗೋತಾ ಇವ್ನಿ" ಎನ್ನುತ್ತಿದ್ದಳು. ಹಾಗೆ ಹೇಳಿದರೆ ಎಬ್ಬಿಸಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ!

ಹುಳು ನೋಡಿಕೊಳ್ಳುತ್ತಿದ್ದವಳು ಅಕ್ಕನ ಬಾಣಂತನವೋ ತಂಗಿಯ ಬಾಣಂತನವೋ ಎಂದು ಊರಿಗೆ ಹೋದಳು. ಆಶ್ರಮದ ಅನ್ನ ನಡೆಯುತ್ತಿದ್ದುದೇ ಆ ಹುಳುಗಳಿಂದ.

"ನಾನು ನೋಡ್ಕೋತೀನಿ ಗುರಮ್ಮ," ಎಂದಳು ಆರೋಗ್ಯಮ್ಮ.

"ಹುಳ ಸಾಕಿ ಗೊತ್ತಾ?"

"ಇಲ್ಲ. ನಮ್ಮ ಕಡೆ ಇಲ್ಲ. ಆದ್ರೆ ಕಲೀತೀನಿ. ಹುಳದ ಮೂವತ್ತಾರು ತಟ್ಟೆಯೂ ನಂಗೇ ಕೊಡಿ."

"ಅಷ್ಟೊಂದು ಯಾಕೆ?"

ಆರೋಗ್ಯಮ್ಮ ತಲೆ ತಗ್ಗಿಸಿದಳು. "ಬಂದು ಮೂರು ತಿಂಗಳಾಯ್ತು, ಈ ಮನೆಯ ಅನ್ನ ಉಣ್ತಾ ಇದ್ದೀನಿ. ಈ ಬೆಳೆ ತೆಗೆದುಕೊಟ್ರೆ ಉಂಡದ್ದು ನ್ಯಾಯ ಅನ್ಸುತ್ತೆ. ಆಮೇಲೆ ದೀಕ್ಷೆ ಕೇಳ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಗು ಎತ್ಕೊಂಡು ಹೊರಡ್ತೀನಿ. ಶಿಲುಬೆ ಮುಂದೆ ಮಾತು ಕೊಟ್ಟುಬಿಟ್ಟಿದ್ದೀನಿ."

"ಶಿಲುಬೆ ಏನಂತು?"

"ಅದು ಏನೂ ಅನ್ನಲಿಲ್ಲ."

"ಹಂಗಾದ್ರೆ ಮಾತು ನಿಂದೊಬ್ಬಳದೇ," ಎಂದು ಗುರಮ್ಮ ಹುಳುಮನೆಯ ಬೀಗದ ಕೈಯನ್ನು ಅವಳ ಕೈಗೆ ಹಾಕಿದರು. "ಸೊಪ್ಪು ಹಾಕು. ಸಾಕು ಅಂದಾಗ ನಿಲ್ಸು."

ಹುಳುಗಳಿಗೆ ಆಗ ಮೂರನೆಯ ಹಂತ ದಾಟಿತ್ತು. ಕಿರುಬೆರಳಿನ ಅರ್ಧದಷ್ಟು ಉದ್ದ. ಸೊಪ್ಪು ಹಾಕಿದರೆ ಮುಕ್ಕುತ್ತಿದ್ದವು. ಆರೋಗ್ಯಮ್ಮನಿಗೆ ಖುಷಿಯೋ ಖುಷಿ! ತನ್ನ ಹಾಗೆಯೇ ಬಿಡುವಿಲ್ಲದ ಪ್ರಾಣಿಗಳು ಕೊನೆಗೂ ಸಿಕ್ಕಿದ್ದವು.

ದಿನಕ್ಕೆ ನಾಲ್ಕು ಸಲ ಹಾಕುವ ಸೊಪ್ಪನ್ನು ಅವಳು ಆರು ಸಲ ಹಾಕಿದಳು. ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಕೇಳಿದರೂ ಬರಲಿಲ್ಲ.

"ಪ್ರಾರ್ಥನೆಗೆ ಬಾ ಆರೋಗ್ಯಮ್ಮ," ಎಂದರು ಗುರಮ್ಮ.

"ಬಿಡುವಿಲ್ಲ ಗುರಮ್ಮ."

"ಬಿಡುವು ಎಲ್ಲಿಂದ ಬರಬೇಕು?"

"ಕೆಲಸ ಮುಗಿದ ಮೇಲೆ ತಾನಾಗೇ ಬರುತ್ತೆ."

"ಬಿಡುವು ಬರೋದಲ್ಲ ಕಣವ್ವ. ಬಿಡೋದು." ಇಷ್ಟು ಹೇಳಿ ಗುರಮ್ಮ ತಮ್ಮ ಪಾಡಿಗೆ ಹೋದರು. ಆರೋಗ್ಯಮ್ಮನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲೂ ಅವಳಿಗೆ ಬಿಡುವಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವಳು ಬಾಗಿಲು ತೆಗೆದಾಗ ಹುಳುಮನೆ ಸದ್ದಿಲ್ಲದೆ ಬಿದ್ದಿತ್ತು.

ಹಿಂದಿನ ದಿನ ಹಾಕಿದ ಸೊಪ್ಪು ಹಾಗೇ ಇತ್ತು. ಒಂದು ಹುಳುವೂ ತಿನ್ನುತ್ತಿರಲಿಲ್ಲ. ಎಲ್ಲವೂ ತಲೆ ಮೇಲಕ್ಕೆತ್ತಿ ಕಲ್ಲಿನಂತೆ ಕೂತಿದ್ದವು. ಮೂವತ್ತಾರು ತಟ್ಟೆಯೂ ಹಾಗೇ!

ಆರೋಗ್ಯಮ್ಮ ಸೆರಗು ಜಾರಿದ್ದೂ ನೋಡದೆ ಹೊಳೆಯ ಕಡೆ ಓಡಿದಳು. ಗುರಮ್ಮ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಂಬಳಿ ಒಗೆಯುತ್ತಿದ್ದರು.

"ಗುರಮ್ಮಾ! ಹುಳ ತಿಂತಾ ಇಲ್ಲ! ಅಲ್ಲಾಡ್ತಾನೂ ಇಲ್ಲ!"

"ಓ, ಕೂತವಾ?" ಗುರಮ್ಮನ ಮುಖ ಅರಳಿತು. "ನಾಲ್ಕನೇ ಜ್ವರ ಕಣವ್ವ ಅದು. ಜ್ವರಕ್ಕೆ ಕೂತವೆ. ನೀನು ಇನ್ಮೇಲೆ..."

ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆರೋಗ್ಯಮ್ಮ ಅಲ್ಲಿರಲಿಲ್ಲ. ಮುಂದಿನ ಮಾತನ್ನು ಗುರಮ್ಮ ಹೊಳೆಗೆ ಹೇಳಬೇಕಾಯಿತು.

ಗಂಡನಿಗೆ ಜ್ವರ ಬಂದಾಗ ಆರೋಗ್ಯಮ್ಮ ಹನ್ನೊಂದು ದಿನ ಆರೈಕೆ ಮಾಡಿದ್ದಳು. ಹನ್ನೆರಡನೆಯ ದಿನ ಅರೆಗಳಿಗೆ ಕಣ್ಣು ಮುಚ್ಚಿದ್ದಳು, ಆಗಲೇ ಅವನು ಹೋದದ್ದು. ಜ್ವರ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಬಿಳಿ ಬಟ್ಟೆ ಹರಿದಳು. ನೀರಿನಲ್ಲಿ ಅದ್ದಿ ಹಿಂಡಿ ಮೊದಲನೆಯ ತಟ್ಟೆಯ ಮೇಲೆ ಹಾಸಿದಳು. ಒದ್ದೆ ಬಟ್ಟೆಗೆ ಜ್ವರ ಇಳಿಯುತ್ತದಲ್ಲ! ಆಮೇಲೆ ಬಟ್ಟೆ ಸರಿಸಿ, ಒಂದೊಂದೇ ಹುಳುವನ್ನು ಮೆಲ್ಲಗೆ ಬಿಡಿಸಿ, ಎಳೆ ಸೊಪ್ಪಿನ ಮೇಲೆ ಮಲಗಿಸತೊಡಗಿದಳು. "ಒಂಚೂರು ತಿನ್ನಪ್ಪಾ, ಒಂದೇ ಒಂಚೂರು," ಎಂದು ಅಳುತ್ತಳುತ್ತ ಬೇಡಿಕೊಂಡಳು.

ಒಂದು ತಟ್ಟೆ ಮುಗಿಸಿ ಎರಡನೆಯದಕ್ಕೆ ಕೈ ಹಾಕುವಾಗ ಬಾಗಿಲಲ್ಲಿ ಗುರಮ್ಮ ನಿಂತಿದ್ದರು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೈ ತೆಗಿ!"

ಆ ಮುದುಕಿಯ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅದುವರೆಗೂ ಯಾರಿಗೂ ಗೊತ್ತಿರಲಿಲ್ಲ. ಆರೋಗ್ಯಮ್ಮ ಕೈ ತೆಗೆದಳು.

ಗುರಮ್ಮ ಒದ್ದೆ ಬಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು. ಕೋಪ ಬಂದಷ್ಟೇ ಬೇಗ ನಗುವೂ ಬಂತು.

"ಆರೋಗ್ಯ ಅಂತ ಹೆಸರಿಟ್ಕೊಂಡು ಜ್ವರ ಯಾವುದು ಅಂತ ಗೊತ್ತಾಗಲಿಲ್ವಲ್ಲವ್ವ! ಇದು ಕಾಯಿಲೆ ಅಲ್ಲ. ಹುಳ ಹಳೇ ಚರ್ಮ ಬಿಡೋ ಹೊತ್ತು. ಅದನ್ನ ನಾವು ಜ್ವರ ಅಂತೀವಿ."

"ತಿಂತಾ ಇಲ್ವಲ್ಲ!"

"ಚರ್ಮ ಬಿಗಿ ಆಗೈತೆ. ಇನ್ನು ಬೆಳೀಬೇಕು ಅಂದ್ರೆ ಸುಮ್ಮನೆ ಕೂರಬೇಕು. ತನ್ನ ಹಳೇ ಚರ್ಮಾನ ಎಳೆ ಬಿಟ್ಟು ಸೊಪ್ಪಿನ ಹಾಸಿಗೆಗೆ ಕಟ್ಕೊಂಡಿರ್ತದೆ. ಚರ್ಮ ಅಲ್ಲೇ ಉಳೀತದೆ, ಹುಳ ಮುಂದಕ್ಕೆ ಬತ್ತದೆ. ನೀನು ಎತ್ತಿಬಿಟ್ರೆ ಕಟ್ಟು ಕಿತ್ತೋಗ್ತದೆ. ಆಮೇಲೆ ಚರ್ಮ ಬಿಡೋಕಾಗದೆ ಅದರೊಳಗೇ ಸಾಯ್ತದೆ."

ಆರೋಗ್ಯಮ್ಮ ಮೊದಲನೆಯ ತಟ್ಟೆಯ ಕಡೆ ತಿರುಗಿದಳು. ಎಳೆ ಸೊಪ್ಪಿನ ಮೇಲೆ, ಅವಳ ಕೈಯಾರೆ ಮಲಗಿಸಿದ ನೂರಾರು ಹುಳುಗಳು.

"ಇವಿಷ್ಟೂ?"

"ನೋಡೋಣ," ಎಂದರು ಗುರಮ್ಮ. ಆ ದನಿಯಲ್ಲೇ ಅವಳಿಗೆ ಉತ್ತರ ಸಿಕ್ಕಿತು.

ಗುರಮ್ಮ ಒಣಗಿದ ಸೀರೆ ಉಟ್ಟು ಬಂದು ಎಲ್ಲ ತಟ್ಟೆಗಳ ಮೇಲೂ ತೇವ ಹೀರಲೆಂದು ಸುಣ್ಣದ ಪುಡಿ ತೆಳ್ಳಗೆ ಉದುರಿಸಿದರು. ಆಮೇಲೆ ಬಾಗಿಲು ಎಳೆದು, ಅದರ ಮುಂದೆ ಒಂದು ಚಾಪೆ ಹಾಸಿದರು.

"ನಾಳೆ ಮಧ್ಯಾಹ್ನದವರೆಗೆ ನಿನ್ನ ಕೆಲಸ ಇದು. ಇಲ್ಲಿ ಕೂರು. ಯಾರನ್ನೂ ಒಳಗೆ ಬಿಡಬ್ಯಾಡ."

"ಆಯ್ತು ಗುರಮ್ಮ."

"ಆರೋಗ್ಯಮ್ಮ ಅಂತ ಒಬ್ಬಳು ಬತ್ತಾಳೆ. ಬಲು ಹಟಮಾರಿ. ಅವಳನ್ನಂತೂ ಬಿಡಲೇಬ್ಯಾಡ."

ಆರೋಗ್ಯಮ್ಮ ಚಾಪೆಯ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು. ಚಾಪೆಯ ಅಂಚಿನ ಎಳೆಗಳನ್ನು ಬಿಡಿಸಿ ಮತ್ತೆ ಹೆಣೆದಳು. ಹತ್ತಿರದಲ್ಲಿದ್ದ ಪೊರಕೆಗೆ ಕೈ ಚಾಚಿದಳು. ಗುರಮ್ಮ ಬಂದು ಪೊರಕೆಯನ್ನು ಎತ್ತಿಕೊಂಡು ಹೋದರು.

ಬಂಡೆಯ ಮೇಲಿದ್ದ ಪಿಲೋಮಿಗೆ ಸುದ್ದಿ ಮುಟ್ಟಿತು. ಕುಣಿಯುತ್ತ ಬಂದಳು.

"ಕೂರೋ ಕೆಲಸ ಅಂತೆ! ಗುರಮ್ಮಾ, ನಂಗೂ ಕೊಡಿ. ನಾನೂ ಜ್ವರಕ್ಕೆ ಕೂತಿವ್ನಿ ಅಂದ್ಕೊಳಿ."

"ಹುಳಕ್ಕೆ ಒಟ್ಟು ನಾಲ್ಕು ಜ್ವರ. ನಿಂದು ಎಷ್ಟನೇದು?"

ಪಿಲೋಮಿ ನಕ್ಕಳು.

"ಹುಳ ಎದ್ದಾಗ ಚರ್ಮ ಬಿಟ್ಟಿರ್ತದೆ. ನೀನು ಎದ್ದಾಗ ಬಂಡೆ ಬಿಟ್ಟಿರ್ತೀಯ, ಅಷ್ಟೇ," ಎಂದು ಗುರಮ್ಮ ಅವಳ ಕೈಗೆ ಕುಡುಗೋಲು ಕೊಟ್ಟರು. "ನಾಳೆ ಇವು ಏಳ್ತವೆ. ಎದ್ದ ಹುಳದ ಹಸಿವು ನೀನು ಕಂಡಿಲ್ಲ. ತೋಟಕ್ಕೆ ನಡಿ."

"ದೇವರಲ್ಲಿ ವಿಶ್ರಾಂತಿ..."

"ದೇವರು ತೋಟದಲ್ಲಿ ಅವ್ನೆ. ಹೋಗು."

ಪಿಲೋಮಿ ಗೊಣಗುತ್ತ ಹೋದಳು. ಆದರೆ ಹೋದಳು.

ಮಧ್ಯಾಹ್ನ ಗುರಮ್ಮ ಒಂದು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಚಾಪೆಯ ಮೇಲಿಟ್ಟರು.

"ಬೇಡ ಗುರಮ್ಮ. ಬೆಳಿಗ್ಗೆಯಿಂದ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟಿಲ್ಲ. ಹೇಗೆ ಉಣ್ಣಲಿ?"

"ಬಾಯಲ್ಲಿ."

ಆರೋಗ್ಯಮ್ಮನಿಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

"ಗಂಡ ಹೋದ್ಮೇಲೆ ತಮ್ಮನ ಮನೇಲಿ ಎಂಟು ವರ್ಷ ಇದ್ದೆ. ದನದ ಥರ ದುಡಿದೆ. ಒಂದಿನ ಮೈಯಲ್ಲಿ ಆಗದೆ ಜಗಲಿ ಮೇಲೆ ಕೂತಿದ್ದೆ. ನಾದಿನಿ ಬಂದೋರ ಎದುರಿಗೆ ಅಂದ್ಲು, ಇವಳು ನಮ್ಮನೇಲಿ ಕೂತು ಉಣ್ಣೋಳು ಅಂತ. ಅವತ್ತಿಂದ ನಾನು ಕೂತಿಲ್ಲ ಗುರಮ್ಮ. ಕೂತರೆ ಆ ಮಾತು ಕೇಳುತ್ತೆ."

ಗುರಮ್ಮ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ತಟ್ಟೆ ಎಳೆದುಕೊಂಡು, ಆ ಮುದ್ದೆಯನ್ನು ತಾವೇ, ಸಾರು ಸೊರ್ರೆಂದು ಹೀರುತ್ತ, ಪೂರ್ತಿ ಉಂಡರು.

"ಚೆನ್ನಾಗಿತ್ತು," ಎಂದು ಕೈ ತೊಳೆಯಲು ಹೋದರು.

ಆರೋಗ್ಯಮ್ಮ ಅಳು ನಿಲ್ಲಿಸಿ ಖಾಲಿ ತಟ್ಟೆಯನ್ನೇ ನೋಡಿದಳು. ಅವಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದಾಗ ಗುರಮ್ಮ ಬಾಗಿಲು ತೆಗೆದರು.

"ಬಾ."

ಮೂವತ್ತೈದು ತಟ್ಟೆಗಳಲ್ಲಿ ಹುಳುಗಳು ಎದ್ದಿದ್ದವು! ಹೊಸ ಮೈ, ದೊಡ್ಡ ತಲೆ, ಪಕ್ಕದಲ್ಲಿ ಸುಕ್ಕುಗಟ್ಟಿ ಬಿದ್ದ ಹಳೆಯ ಚರ್ಮ. ಎಲ್ಲವೂ ಕತ್ತು ಚಾಚಿ ಸೊಪ್ಪಿಗಾಗಿ ತಡಕಾಡುತ್ತಿದ್ದವು. ಆರೋಗ್ಯಮ್ಮ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಮೊದಲನೆಯ ತಟ್ಟೆಯನ್ನು ಕಂಡಳು. ಅರ್ಧ ಬಿಟ್ಟ ಚರ್ಮದೊಳಗೆ ಸಿಕ್ಕಿ, ಕಪ್ಪಗಾಗಿ, ಎಲ್ಲವೂ ಸತ್ತಿದ್ದವು.

"ಇವನ್ನ ನಾನೇ ಕೊಂದೆ."

"ಹೌದು," ಎಂದರು ಗುರಮ್ಮ. "ಅಳೋದಿದ್ರೆ ಅಳು. ಅತ್ತಾದ್ಮೇಲೆ ಆ ಮೂವತ್ತೈದು ತಟ್ಟೆಗೆ ಸೊಪ್ಪು ಹಾಕು. ಇನ್ನು ನಾನು ಬಿಡುವು ಕೊಡೋಳಲ್ಲ."

ಕೊಡಲೂ ಇಲ್ಲ! ಮುಂದಿನ ಏಳು ದಿನ ಆಶ್ರಮದಲ್ಲಿ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು. ಹೊರೆ ಹೊರೆ ಸೊಪ್ಪು ಬಂತು, ಬಂದದ್ದು ಬಂದ ಹಾಗೆ ಖಾಲಿಯಾಯಿತು. ಹುಳುಮನೆಯೊಳಗೆ ಕಾಲಿಟ್ಟರೆ ಒಣಗಿದ ಎಲೆಯ ಮೇಲೆ ಜಾತ್ರೆಯ ಜನ ನಡೆದಂತೆ ಸದ್ದು. ಪಿಲೋಮಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅದನ್ನು ಅವಳು ಕಂಡಕಂಡವರಿಗೆ ತೋರಿಸಿದಳು.

ಆದರೂ ದಿನಾ ಮಧ್ಯಾಹ್ನ ಗಂಟೆ ಬಾರಿಸಿದಾಗ ಗುರಮ್ಮ ಕೈಯಲ್ಲಿದ್ದ ಸೊಪ್ಪನ್ನು ಇದ್ದಲ್ಲೇ ಇಟ್ಟು ಶಿಲುಬೆಯ ಮುಂದೆ ಹೋಗಿ ಕೂರುತ್ತಿದ್ದರು. ಅರ್ಧ ಹಾಕಿದ ತಟ್ಟೆ ಅರ್ಧವೇ ಉಳಿಯುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಪಿಲೋಮಿಯ ಕಿರುಚಾಟ ಹೊಳೆಯ ಆಚೆ ದಡಕ್ಕೂ ಕೇಳಿಸಿತು.

"ಹಣ್ಣಾದವು! ಹುಳ ಹಣ್ಣಾದವು!"

ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದರು. ಮೈ ತುಂಬ ರೇಷ್ಮೆ ತುಂಬಿಕೊಂಡ ಹುಳುಗಳು ಬೆಳಕಿಗೆ ಹಿಡಿದರೆ ಹಳದಿಯಾಗಿ ಹೊಳೆಯುತ್ತಿದ್ದವು. ಅವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಿಕೆಯ ಸುತ್ತುಗಳಲ್ಲಿ ಬಿಡಬೇಕು. ತಡವಾದರೆ ನೂಲು ಹಾಸಿಗೆಯಲ್ಲೇ ಹಾಳು. ಯಾವುದು ಹಣ್ಣು ಯಾವುದು ಕಾಯಿ ಎಂದು ಗುರುತಿಸುವುದರಲ್ಲಿ ಪಿಲೋಮಿಯನ್ನು ಮೀರಿಸುವವರೇ ಇರಲಿಲ್ಲ. ಅಷ್ಟು ವರ್ಷ ಬಂಡೆಯ ಮೇಲೆ ಮಲಗಿ ಎಲ್ಲವನ್ನೂ ನೋಡುತ್ತಲೇ ಇದ್ದ ಕಣ್ಣು ಅದು.

ಸಂಜೆಯೊಳಗೆ ಎಲ್ಲ ಹುಳುವೂ ಚಂದ್ರಿಕೆ ಏರಿದವು. ಒಂದೊಂದೂ ತಲೆ ಆಡಿಸುತ್ತ ಎಳೆ ಬಿಡತೊಡಗಿತು. ಗುರಮ್ಮ ಹೆಂಗಸರ ನಡುವೆ ನಿಂತು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಐದು ದಿನ ಕಳೆದು ಗೂಡು ಬಿಡಿಸಿದರು. ಬುಟ್ಟಿ ಬುಟ್ಟಿ ತಿಳಿಹಳದಿ ಗೂಡು! ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟ್ಟಿಯಾಗಿ ಟಕಟಕ ಎನ್ನುತ್ತಿತ್ತು. ಇಷ್ಟು ಒಳ್ಳೆಯ ಬೆಳೆ ಮೂರು ವರ್ಷದಿಂದ ಬಂದಿರಲಿಲ್ಲ. ಹೆಂಗಸರು ಹಾಡು ಹೇಳಿದರು, ಯಾರೋ ಅಕ್ಕಿ ಪಾಯಸಕ್ಕೆ ಬೆಲ್ಲ ಕುಟ್ಟಿದರು.

ಅಷ್ಟರಲ್ಲಿ ಆರೋಗ್ಯಮ್ಮ ಬ್ಯಾಗು ಹಿಡಿದು ಅಂಗಳಕ್ಕೆ ಬಂದಳು.

ಹಾಡು ನಿಂತಿತು.

"ಎಲ್ಲಿಗೆ?" ಎಂದರು ಗುರಮ್ಮ.

"ಊರಿಗೆ."

"ಬೆಳೆ ಬಂತಲ್ಲ?"

"ಬಂತು. ಆದ್ರೆ ನನ್ನಿಂದ ಬರಲಿಲ್ಲ." ಅವಳು ಬ್ಯಾಗನ್ನು ಇನ್ನೊಂದು ಕೈಗೆ ಬದಲಿಸಿದಳು. "ನಾನು ಕೂತಿದ್ದಾಗ ಮೂವತ್ತೈದು ತಟ್ಟೆ ಬದುಕಿತು. ನಾನು ಜೀವ ಬಿಟ್ಟು ದುಡಿದ ಒಂದೇ ತಟ್ಟೆ ಸತ್ತಿತು. ಸೊಪ್ಪು ಎಲ್ಲರೂ ಹಾಕಿದ್ರು, ನೂಲು ಹುಳ ತೆಗೀತು. ನನ್ನ ಪಾಲು ಯಾವುದು? ಉಂಡ ಅನ್ನಕ್ಕೆ ಲಾಯಕ್ಕಾಗ್ತೀನಿ ಅಂತ ಮಾತು ಕೊಟ್ಟಿದ್ದೆ. ಆಗಲಿಲ್ಲ ಗುರಮ್ಮ."



"ಹೋಗೋಳು ಉಂಡು ಹೋಗು," ಎಂದು ಗುರಮ್ಮ ಒಳಗೆ ನಡೆದರು.

ಊಟದ ಮನೆಯಲ್ಲಿ ತಟ್ಟೆಗಳ ಸಾಲು ಬಿತ್ತು. ಎಲ್ಲರೂ ಕೂತರು. ಆರೋಗ್ಯಮ್ಮ ಬ್ಯಾಗನ್ನು ಬಾಗಿಲ ಬಳಿ ಇಟ್ಟು, ರೂಢಿಯಂತೆ ಸೌಟು ಎತ್ತಿಕೊಂಡು ಬಂದಳು.

ಗುರಮ್ಮ ಅವಳ ಕೈಯಿಂದ ಸೌಟು ತೆಗೆದುಕೊಂಡರು. ಸಾಲಿನ ನಡುವೆ ಒಂದು ಖಾಲಿ ತಟ್ಟೆ ಇತ್ತು. ಅದರ ಪಕ್ಕದಲ್ಲಿದ್ದ ಪಿಲೋಮಿ ಸರಿದು ಜಾಗ ಬಿಟ್ಟಳು.

ಆರೋಗ್ಯಮ್ಮ ನಿಂತೇ ಇದ್ದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು.

"ಏನು ದುಡಿದೆ ಅಂತ ಇಲ್ಲಿ ಕೂರಲಿ? ನಾದಿನಿ ಅಂದದ್ದೇ ದಿಟ ಗುರಮ್ಮ. ನಾನು ಕೂತು ಉಣ್ಣೋಳು."

ಗುರಮ್ಮ ಬಿಸಿ ಪಾಯಸವನ್ನು ಸೌಟಿನ ತುಂಬ ತೆಗೆದು ಆ ಖಾಲಿ ತಟ್ಟೆಗೆ ಹಾಕಿದರು.

"ದಿಟ ಕಣ್ ಮಗಾ, ಈ ಮನೇಲಿ ನಾವೆಲ್ಲ ಕೂತು ಉಣ್ಣೋರೇ. ಬಡಿಸೋ ಸ್ವಾಮಿ ಆಗಿಂದ ನಿಂತೇ ಅವ್ನೆ, ಕೂತ್ಕೋ."